ಕೆಸರುಮೀನಿನ ಲೆಕ್ಕ

"ಇಳಿಸಿ, ಇಳಿಸಿ, ಈಗಲೇ ಬೇಡ," ಎಂದರು ತೀರಿಕೊಂಡ ಮೇಷ್ಟ್ರ ಹೆಂಡತಿ. ಶವಪೆಟ್ಟಿಗೆ ಹೊತ್ತಿದ್ದ ನಾಲ್ವರು ಶಿಷ್ಯರೂ ಹೊಸ್ತಿಲಲ್ಲೇ ನಿಂತರು. "ಅವರು ಬರಲಿ. ಒಂದು ಮಾತು ಹೇಳೋದಿದೆ."

"ಯಾರಮ್ಮಾ, ಆ ಒಂದು ಸಲದವರಾ?" ಮಗಳು ಹಣೆ ಚಚ್ಚಿಕೊಂಡಳು. "ಹನ್ನೊಂದು ವರ್ಷದಿಂದ ಮಾತಿಲ್ಲ ಕತೆಯಿಲ್ಲ. ಈಗ್ಯಾಕೆ ಬರ್ತಾರೆ?"

ಗಣಿತ ವಿಭಾಗದಲ್ಲಿ ಮೇಷ್ಟ್ರಿಗೆ ‘ಎರಡು ಸಲ’ ಎಂದೂ ಅವರ ಗೆಳೆಯರೊಬ್ಬರಿಗೆ ‘ಒಂದು ಸಲ’ ಎಂದೂ ಅಡ್ಡಹೆಸರು. ಕಾರಣ ಒಂದು ಕೆಸರುಮೀನು. ಕೋಟ್ಯಂತರ ವರ್ಷಗಳ ಹಿಂದೆ ಅದರ ಪೂರ್ವಜರಲ್ಲಿ ಎಲ್ಲ ಜೀನ್‌ಗಳೂ ಒಟ್ಟಿಗೆ ಇಮ್ಮಡಿಯಾದದ್ದು ಎಷ್ಟು ಸಲ? ಇಬ್ಬರೂ ಸಮೀಕರಣ ಬರೆದರು, ಇಬ್ಬರಿಗೂ ಬೇರೆ ಬೇರೆ ಉತ್ತರ ಬಂತು. ಮೊದಲು ಜೊತೆಯಲ್ಲಿ ಕುಡಿಯುತ್ತಿದ್ದ ಕಾಫಿ ನಿಂತಿತು, ಆಮೇಲೆ ಮಾತು. ಮೀನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

*

ಹೋದ ವಾರ ಆಸ್ಪತ್ರೆಯಲ್ಲಿ ಮೇಷ್ಟ್ರು ಹೆಂಡತಿಯ ಕೈ ಹಿಡಿದರು. ಏನೋ ಪ್ರೀತಿಯ ಮಾತು ಬರುತ್ತದೆಂದು ಆಕೆ ಹತ್ತಿರ ಬಾಗಿದರು.

"ನನ್ನದೇ ತಪ್ಪು ಕಣೇ. ಇಮ್ಮಡಿಯಾದ್ಮೇಲೆ ಆ ಹೆಚ್ಚುವರಿ ಜೀನ್‌ಗಳು ಒಂದೇ ವೇಗದಲ್ಲಿ ಕಳೆದುಹೋಗ್ತವೆ ಅಂದ್ಕೊಂಡಿದ್ದೆ. ಮೊದಲು ದಡದಡ ಹೋಗ್ತವೆ, ಆಮೇಲೆ ನಿಧಾನ. ಹಾಗೆ ಹಿಡಿದ್ರೆ ಒಂದೇ ಸಲ ಸಾಕು. ಅವನಿಗೆ ಹೇಳ್ಬಿಡು."

"ನೀವೇ ಹೇಳಿ."

"ನಂಗೆ ನಾಚಿಕೆ ಆಗುತ್ತೆ."

ಆಕೆಗೆ ಅರ್ಥವಾಗುವ ತನಕ ಮೂರು ದಿನ ಹೇಳಿಕೊಟ್ಟರು. ನಲವತ್ತು ವರ್ಷದ ಸಂಸಾರದಲ್ಲಿ ಗಂಡ ಅಷ್ಟು ಹೊತ್ತು ಮಾತಾಡಿದ್ದೇ ಇರಲಿಲ್ಲ. ಆಸ್ಪತ್ರೆಯೆಂಬುದೂ ಮರೆತುಹೋಗುವಷ್ಟು ಆಕೆಗೆ ಖುಷಿಯಾಗಿತ್ತು.

*

ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ಗೆಳೆಯರು ಬಂದೇ ಬಂದರು. ಪೆಟ್ಟಿಗೆ ನೋಡಿದ್ದೇ ಗೊಳೋ ಎಂದು ಅತ್ತರು.

"ಅತ್ತಿಗೆ, ಅವನೇ ಸರಿ. ಒಂದು ವರ್ಷದಿಂದ ಮತ್ತೆ ಲೆಕ್ಕ ಹಾಕ್ತಿದ್ದೆ. ಎರಡು ಸಲಾನೇ. ಬಂದು ಹೇಳೋಕೆ ಬಿಗುಮಾನ ಅಡ್ಡ ಬಂತು."

"ಇಲ್ಲ, ನೀವೇ ಸರಿ. ಒಂದೇ ಸಲ. ಅವರೇ ಹೇಳಿ ಹೋದ್ರು."

"ಅದು ಹೇಗೆ ಒಂದೇ ಸಲ? ಇಲ್ಲಿ ನೋಡಿ, ಎರಡು!"

"ನಮ್ಮೆಜಮಾನ್ರು ತಪ್ಪು ಮಾಡಿದಾರೆ ಅಂದ್ರೆ ಮಾಡಿದಾರೆ!"

"ಅವನು ತಪ್ಪು ಮಾಡೋ ಮನುಷ್ಯನೇ ಅಲ್ಲ!"

ಶಿಷ್ಯರು ಇದೇ ಸಮಯವೆಂದು ಪೆಟ್ಟಿಗೆಯನ್ನು ಶವವಾಹನಕ್ಕೆ ಏರಿಸಿ ಬಾಗಿಲು ಹಾಕಿದರು. "ಅಮ್ಮಾ, ಹೊತ್ತಾಯ್ತು," ಎಂದು ಮಗಳು ಗೋಗರೆದಳು.

"ಇರೇ, ಇವರಿಗೆ ಅರ್ಥ ಆಗ್ತಿಲ್ಲ." ಆಕೆ ವಾಹನದ ಹಿಂದಿನ ಗಾಜಿನ ಧೂಳಿನಲ್ಲಿ ಬೆರಳಿಂದ ಒಂದು ಗೆರೆ ಎಳೆದರು. ಅದು ಸರ್ರನೆ ಇಳಿದು, ಆಮೇಲೆ ಬಾಗಿ, ಮೆಲ್ಲಗೆ ಗಾಜಿನ ಅಂಚಿನವರೆಗೂ ಹೋಯಿತು.

ಗೆಳೆಯರ ಅಳು ಗಕ್ಕನೆ ನಿಂತಿತು. ಕನ್ನಡಕ ಒರೆಸಿಕೊಂಡು ಬಗ್ಗಿದರು. ಅಷ್ಟರಲ್ಲಿ ವಾಹನ ಹೊರಟೇಬಿಟ್ಟಿತು.

"ನಿಲ್ಸಪ್ಪಾ! ಇನ್ನೂ ನೋಡಿಲ್ಲ!" ಎಂದು ಕೂಗುತ್ತ ಎಪ್ಪತ್ತರ ಆ ಮನುಷ್ಯ, ಆ ಗೆರೆಯ ಮೇಲಿನ ಕಣ್ಣು ಕೀಳದೆ, ಕಾಗದಗಳನ್ನು ಬೀದಿಯುದ್ದಕ್ಕೂ ಉದುರಿಸುತ್ತ ಓಡಿದರು.