ಬೆಲ್ಟು ಬಿಚ್ಚಿದ ಕೈ

ಭದ್ರಮ್ಮ ಸೊಸೆಯ ಹೆಣದ ಮೇಲೆ ಎರಡನೆಯ ಚೊಂಬು ಬಿಸಿನೀರು ಹೊಯ್ದಾಗ ಹೊಟ್ಟೆಯ ಮೇಲಿದ್ದ ಆಸ್ಪತ್ರೆಯ ಪಟ್ಟಿ ನೆನೆದು ಅಂಚು ಎದ್ದಿತು. ನೆರೆಮನೆಯ ಮೀನಾಕ್ಷಮ್ಮ ಅದಕ್ಕೆ ಕೈ ಹಾಕಿದಳು.

"ಅದ ಮುಟ್ಬ್ಯಾಡ ಮೀನಾಕ್ಷಿ."

"ಹಿಂಗೇ ಮಣ್ಣಿಗೆ ಕಳ್ಸಾದಾ ಭದ್ರಕ್ಕ? ಚೆಂದ ಕಾಣ್ಬೇಕು ಅಂತ ಹೊಟ್ಟೆ ಕೊಯ್ಸ್ಕೊಂಡ್ಲಲ್ಲ. ಮೂವತ್ನಾಲ್ಕು ವರ್ಷಕ್ಕೆ ಇದೆಲ್ಲ ಬೇಕಿತ್ತಾ?"

"ನನ್ ಹೊಟ್ಟೆ ನೋಡಿ ನಮ್ಮೆಜಮಾನ್ರೇನು ಓಡೋಗ್ಬುಟ್ರಾ?" ಎಂದಳು ನೀರು ತಂದ ಮುನಿಯಮ್ಮ. ಯಾರೋ ಸೆರಗಿನಲ್ಲಿ ನಗು ಅಡಗಿಸಿಕೊಂಡರು.

"ಚೆಂದಕ್ಕಲ್ಲ ಕಣ್ರೇ. ಜೋತ್ಬಿದ್ದ ಚರ್ಮದ ಮಡಿಕೆ ಒಳಗೆ ಹುಣ್ಣಾಗಿ ಕೀವು ಸೋರ್ತಿತ್ತು. ದಿನಾ ಪುಡಿ ಹಾಕ್ತಿದ್ದೋಳು ನಾನು," ಎಂದಳು ಭದ್ರಮ್ಮ.

ಸೊಸೆ ದೀಪಶ್ರೀ ಎರಡು ವರ್ಷ ಬಾಯಿ ಕಟ್ಟಿ, ಹೆಗ್ಗದ್ದೆಯ ಏರು ಹತ್ತಿಳಿದು ಐವತ್ತು ಕಿಲೋ ಇಳಿದಿದ್ದಳು. ಕೊಬ್ಬು ಹೋಗಿತ್ತು, ಚರ್ಮ ಹೋಗಲಿಲ್ಲ, ತೊಡೆಯವರೆಗೆ ಜೋತುಬಿದ್ದಿತ್ತು. ಮಡಿಕೆಯ ನಡುವೆ ಒಣಬಟ್ಟೆ ತುರುಕಿಕೊಂಡೇ ಅವಳು ತೋಟದ ಕೆಲಸ ನೋಡುತ್ತಿದ್ದಳು. ಕೊನೆಗೆ ಹಾಸನದ ಆಸ್ಪತ್ರೆಯಲ್ಲಿ ಆ ಚರ್ಮವನ್ನು ಕೊಯ್ಸಿಕೊಂಡಿದ್ದಳು.

ಅಂಗಳದಿಂದ ಮಗ ರವಿಚಂದ್ರನ ಗಂಟಲು ಕೇಳಿಸಿತು. ಸೋದರಮಾವ ಜವರಪ್ಪನ ಮುಂದೆ ಕೂಗಾಡುತ್ತಿದ್ದ.

"ಹೊಟ್ಟೆ ಬೆಲ್ಟ್ ಬಿಚ್ಬ್ಯಾಡ ಅಂತ ಡಾಕ್ಟ್ರು ಹತ್ತು ಸಲ ಹೇಳಿದ್ರು ಮಾವ. ಬಿಚ್ಚಿ ಬಿಸಾಕವ್ಳೆ! ನಾನು ಅವಳ ಮೊಕ ನೋಡಲ್ಲ, ಬಾಯಿಗೆ ಅಕ್ಕಿಕಾಳೂ ಹಾಕಲ್ಲ."

"ಸತ್ತೋರ ಮೇಲೆ ಎಂಥ ಸಿಟ್ಟು ಮಾರಾಯ..."

ಭದ್ರಮ್ಮನ ಕೈಯ ಚೊಂಬು ಹಂಡೆಯ ಕಂಠಕ್ಕೆ ಬಡಿಯಿತು.

*

ಸುತ್ತಲಿನ ಊರುಗಳಲ್ಲಿ ಭದ್ರಮ್ಮ ನೀರೆರೆಯದ ಬಾಣಂತಿಯರು ಕಡಿಮೆ. ಹಳೆಯ ಹತ್ತಿ ಸೀರೆಯನ್ನು ಸುತ್ತಿ, ಮೊಣಕಾಲು ಊರಿ ಎಳೆದು ಹೊಟ್ಟೆ ಬಿಗಿದಳೆಂದರೆ ಬಾಣಂತಿ ನೆಟ್ಟಗೆ ಎದ್ದು ನಡೆಯುತ್ತಾಳೆಂಬ ಹೆಸರು ಆ ಕೈಗಿತ್ತು. ಸೊಸೆ ಹಾಸನದಿಂದ ಮನೆಗೆ ಬಂದು ಮೂರನೆಯ ದಿನ ಆಸ್ಪತ್ರೆಯ ಬೆಲ್ಟು ನವೆ ಎಂದು ಒದ್ದಾಡಿದಾಗ ಆ ಕೈ ಸುಮ್ಮನಿರಲಿಲ್ಲ.

"ಇದೆಂಥ ರಬ್ಬರು ಪಟ್ಟಿ. ತಗಿ ಅತ್ಲಾಗೆ, ನಾನು ಕಟ್ತೀನಿ."

"ಡಾಕ್ಟ್ರು ಬೈತಾರೆ ಅತ್ತೆ."

"ಡಾಕ್ಟ್ರು ಎಷ್ಟು ಹೊಟ್ಟೆ ಕಟ್ಟವ್ರೆ?"

ದೀಪಶ್ರೀ ನಕ್ಕು ಕೈಯೆತ್ತಿ ನಿಂತಿದ್ದಳು. ಎರಡು ದಿನದಲ್ಲಿ ಹೊಕ್ಕುಳ ಕೆಳಗೆ ಅಂಗೈಯಗಲ ಕಪ್ಪಾಯಿತು. ರಕ್ತ ಕಟ್ಟಿರಬೇಕೆಂದು ಭದ್ರಮ್ಮ ಇನ್ನೊಂದು ಸುತ್ತು ಬಿಗಿದಳು. ಜ್ವರ ಬಂದಾಗ ಕಷಾಯ ಕೊಟ್ಟಳು. ಮತ್ತೆರಡು ದಿನಕ್ಕೆ ಸೊಸೆ ತೊದಲತೊಡಗಿದಾಗ ಹಾಸನಕ್ಕೆ ಒಯ್ದರು. ಅಷ್ಟರಲ್ಲಿ ಬಿಗಿತಕ್ಕೆ ರಕ್ತ ಓಡದೆ ಗಾಯ ಕೊಳೆತು ನಂಜು ರಕ್ತಕ್ಕೇರಿತ್ತು.

"ಬೆಲ್ಟ್ ತೆಗೆದವರು ಯಾರು?" ಎಂದು ಡಾಕ್ಟರು ಗದರಿದರು. ಮಂಚದ ಒಂದು ಬದಿಗೆ ಗಂಡ, ಇನ್ನೊಂದು ಬದಿಗೆ ಅತ್ತೆ. ದೀಪಶ್ರೀ ಅತ್ತೆಯ ಕಡೆ ನೋಡಲೂ ಇಲ್ಲ.

"ನಾನೇ ಸಾರ್," ಎಂದಳು.

*

ಹೆಣಕ್ಕೆ ಹೊಸ ಸೀರೆ ಉಡಿಸಿ, ಅರಿಸಿನ ಕುಂಕುಮವಿಟ್ಟು, ಬಳೆ ತೊಡಿಸಿ ಅಂಗಳದ ಚಟ್ಟದ ಮೇಲೆ ಮಲಗಿಸಿದರು. ಒಬ್ಬೊಬ್ಬರೇ ಬಂದು ಬಾಯಿಗೆ ಅಕ್ಕಿ ಹಾಕಿದರು. ರವಿಚಂದ್ರ ಕಾಫಿ ಒಣಗಿಸುವ ಕಣದ ತುದಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

ಭದ್ರಮ್ಮ ಒದ್ದೆ ಸೆರಗಿನಲ್ಲೇ ಕಣ ದಾಟಿ ಅವನೆದುರು ನಿಂತಳು.

"ಬೆಲ್ಟ್ ಬಿಚ್ಚಿದ್ದು ಅವಳಲ್ಲ ರವಿ. ನಾನು."

ಅಂಗಳದಲ್ಲಿದ್ದವರು ತಿರುಗಿ ನೋಡಿದರು.

"ಬಾಣಂತಿಗೆ ಕಟ್ದಂಗೆ ಕಟ್ಟಿದೆ. ಕಪ್ಪಾತು ಅಂದ್ಲು, ಇನ್ನೂ ಬಿಗಿದೆ. ಡಾಕ್ಟ್ರು ಕೇಳ್ದಾಗ ನನ್ ಹೆಸರು ಹೇಳ್ಲಿಲ್ಲ. ಪಕ್ಕದಲ್ಲೇ ನಿಂತಿದ್ದೆ ಕಣೋ, ನಾನೂ ಬಾಯಿ ಬಿಡ್ಲಿಲ್ಲ."

ರವಿಚಂದ್ರ ತಾಯಿಯ ಮುಖವನ್ನೇ ನೋಡಿದ.

"ಮೂರು ದಿನ ಐಸಿಯುನಾಗಿದ್ಲು ಅವ್ವ. ಒಂದು ಮಾತು ಆಡ್ಸಲಿಲ್ಲ ನಾನು. ಕಣ್ಣು ಬುಟ್ಟು ನೋಡ್ತಿದ್ಲು... ಎದ್ದು ಬಂದೆ."

ಅವನು ಹೋಗಿ ಚಟ್ಟದ ಪಕ್ಕ ಮಂಡಿಯೂರಿ ಅಕ್ಕಿ ತೆಗೆದುಕೊಂಡ. ಕಾಳು ತುಟಿಗೆ ಬೀಳದೆ ಕೆನ್ನೆಗೆ, ಕೂದಲಿಗೆ ಚೆಲ್ಲಿತು. ಒಂದೊಂದೇ ಕಾಳು ಆಯ್ದು ಮತ್ತೆ ಬಾಯಿಗಿಟ್ಟ. ಹೊತ್ತಾಯಿತೆಂದು ಹೇಳಲು ಜವರಪ್ಪನಿಗೂ ಧೈರ್ಯ ಬರಲಿಲ್ಲ.

ಚಟ್ಟ ಎದ್ದಿತು. ಭದ್ರಮ್ಮ ಗೇಟಿನವರೆಗೆ ಹಿಂದೆಯೇ ನಡೆದಳು. ಯಾರೂ ಅವಳ ರಟ್ಟೆ ಹಿಡಿಯಲಿಲ್ಲ.

ಬೇಲಿಯಾಚೆಯ ರಸ್ತೆಯಲ್ಲಿ ಮೀನಾಕ್ಷಮ್ಮನ ಮಗಳು ಶೃತಿ ನಿಂತಿದ್ದಳು. ಎಂಟು ತಿಂಗಳ ಬಸುರಿ. ಸಾವಿನ ಅಂಗಳಕ್ಕೆ ಕಾಲಿಡುವಂತಿರಲಿಲ್ಲ. ಬಾಣಂತನಕ್ಕೆ ನೀವೇ ಬರಬೇಕೆಂದು ಹೋದ ತಿಂಗಳಷ್ಟೇ ಭದ್ರಮ್ಮನಿಗೆ ಎಲೆಅಡಿಕೆ ಕೊಟ್ಟು ಹೇಳಿದ್ದಳು. ಭದ್ರಮ್ಮ ಮಗನಿಗೆ ಹೇಳಿದ ಮಾತು ಅಲ್ಲಿಗೂ ಕೇಳಿಸಿತ್ತು. ಭದ್ರಮ್ಮ ತಲೆಯೆತ್ತಿದಾಗ ಇಬ್ಬರ ಕಣ್ಣು ಕೂಡಿದವು. ಶೃತಿ ಎರಡೂ ಕೈಗಳಿಂದ ಹೊಟ್ಟೆಯನ್ನು ತಬ್ಬಿ ಹಿಡಿದು, ಅದರ ಮೇಲೆ ಸೆರಗೆಳೆದುಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದಳು.