ಕೇಳದೆ ಹಾಕಿದ ಗುರುತು

ಮಣ್ಣಗುಡ್ಡದಲ್ಲಿ, ಎರಡನೇ ಮಹಡಿಯ ಚಿಕಿತ್ಸೆಯ ಕೋಣೆಗೆ ಕಾಲಿಟ್ಟ ಕೂಡಲೇ ದಮಯಂತಿ ಕೇಳಿದಳು, “ಮೀನಿನ ವಾಸನೆ ಬರ್ತದಾ ಮೇಡಂ? ಎರಡು ಸಲ ಮಿಂದು ಬಂದಿದ್ದೇನೆ.”

“ಎಂತ ವಾಸನೆಯೂ ಇಲ್ಲ, ಕೂತ್ಕೊಳ್ಳಿ,” ಎಂದಳು ಕ್ಯಾರಲ್. ವಾಸನೆ ಸ್ವಲ್ಪ ಇತ್ತು. ಈ ಸುಳ್ಳನ್ನು ದೇವರು ಕ್ಷಮಿಸಿಯಾನು. ಆ ಬೆಳಿಗ್ಗೆ ಅವಳು ಮಾಡಿದ ಇನ್ನೊಂದು ಕೆಲಸಕ್ಕೆ ಕ್ಷಮೆ ಅಷ್ಟು ಸುಲಭದ್ದಲ್ಲ.

ಹನ್ನೊಂದು ವರ್ಷ ಕುವೈತಿನಲ್ಲಿ ನರ್ಸ್ ಆಗಿದ್ದ ಕ್ಯಾರಲ್, ಊರಿಗೆ ಮರಳಿ ಸಮ್ಮೋಹನ ಚಿಕಿತ್ಸೆಯ ಕೋರ್ಸ್ ಮುಗಿಸಿ, ಎರಡು ವರ್ಷದಿಂದ ಈ ಕೋಣೆ ನಡೆಸುತ್ತಿದ್ದಳು. ನಿದ್ದೆ ಬಾರದವರು, ಸಿಗರೇಟು ಬಿಡಲಾಗದವರು, ಪರೀಕ್ಷೆಗೆ ಹೆದರುವವರು ಬರುತ್ತಿದ್ದರು. ಒಳ್ಳೆಯ ಹೆಸರೂ ಬಂದಿತ್ತು. ಹೆಸರಿನ ಹಿಂದೆ ಜನ ಬಂದರು, ಜನರ ಹಿಂದೆ ಅವಸರ ಬಂತು. ಮೊದಲ ಭೇಟಿಯಲ್ಲಿ ಮುಕ್ಕಾಲು ಗಂಟೆ ಬರೀ ಮಾತಿಗೇ ಇಡಬೇಕೆಂದು ಕೋರ್ಸಿನಲ್ಲಿ ಕಲಿಸಿದ್ದರು. ಅದೀಗ ಇಳಿದು ಇಳಿದು ಐದು ನಿಮಿಷಕ್ಕೆ ಬಂದು ನಿಂತಿತ್ತು.

ದಮಯಂತಿ ಕಾವೂರಿನ ಮಾರ್ಕೆಟಿನಲ್ಲಿ ಮೀನು ಮಾರುವವಳು. ವಯಸ್ಸು ಐವತ್ತೆರಡು. ಅಮ್ಮನಿಗೆ ನಿದ್ದೆ ಬರುವುದಿಲ್ಲವೆಂದು ಮಗಳು ಯಶ್ಮಿತಾ ಫೋನು ಮಾಡಿ ಸಮಯ ಗೊತ್ತುಮಾಡಿದ್ದಳು. ಕ್ಯಾರಲ್ ಫಾರಂ ತೆಗೆದು ಹೆಸರು, ವಯಸ್ಸು, ತೆಗೆದುಕೊಳ್ಳುವ ಮಾತ್ರೆ ಇಷ್ಟನ್ನು ಕೇಳಿ ಬರೆದಳು. ಹೊರಗೆ ಮುಂದಿನವರು ಆಗಲೇ ಬಂದು ಕೂತಿದ್ದರು. ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದದ್ದುಂಟೇ, ಯಾವುದಕ್ಕಾದರೂ ವಿಪರೀತ ಭಯವುಂಟೇ ಎಂಬ ಪ್ರಶ್ನೆಗಳು ಬಂದಾಗ ಕ್ಯಾರಲ್ ಅವನ್ನು ಕೇಳದೆ, ಎಲ್ಲದರ ಮುಂದೆಯೂ ‘ಇಲ್ಲ’ ಎಂಬಲ್ಲಿ ತಾನೇ ಗುರುತು ಹಾಕಿಕೊಂಡು ಹೋದಳು. ಮಾರ್ಕೆಟಿನಲ್ಲಿ ಕೂಗಿ ಮೀನು ಮಾರುವ ಗಟ್ಟಿ ಹೆಂಗಸು, ಇವಳಿಗೆಂಥ ಭಯ ಎಂದುಕೊಂಡದ್ದೂ ನಿಜ.

ಬಳಿಕ ಸ್ಪೀಕರಿನಲ್ಲಿ ಅಲೆಗಳ ಸದ್ದು ಹಾಕಿ, ಕೋರ್ಸಿನಲ್ಲಿ ಕೊಟ್ಟ, ಬಂದವರಿಗೆಲ್ಲ ಓದುವ ಅದೇ ಪಾಠವನ್ನು ಶುರುಮಾಡಿದಳು. “ಕಣ್ಣು ಮುಚ್ಚಿ. ನೀವು ಸಮುದ್ರದ ದಡದಲ್ಲಿದ್ದೀರಿ. ಅಲೆ ಬರ್ತದೆ, ಕಾಲು ಮುಟ್ತದೆ, ನಿಮ್ಮ ಭಾರವನ್ನೆಲ್ಲ ತೆಗೆದುಕೊಂಡು ಹೋಗ್ತದೆ.” ಕ್ಯಾರಲ್‌ಗೆ ಸಮುದ್ರವೆಂದರೆ ಚಿಕ್ಕಂದಿನಲ್ಲಿ ಭಾನುವಾರದ ಚರ್ಚಿನ ಪೂಜೆ ಮುಗಿಸಿ ಪಣಂಬೂರಿನ ದಡದಲ್ಲಿ ತಿಂದ ಚುರುಮುರಿ, ಒದ್ದೆ ಫ್ರಾಕು, ಪಪ್ಪನ ನಗು.

ದಮಯಂತಿಯ ಮುಚ್ಚಿದ ಕಣ್ಣುಗಳಿಂದ ನೀರು ಧಾರೆಯಾಗಿ ಇಳಿಯಿತು. ಬೆರಳುಗಳು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದವು. ಹೀಗಾದಾಗ ನಿಲ್ಲಿಸಿ, ಎಚ್ಚರಿಸಿ, ವಿಚಾರಿಸಬೇಕು. ಕ್ಯಾರಲ್ ಗಡಿಯಾರ ನೋಡಿದಳು. ಮನಸ್ಸು ಹಗುರಾಗುತ್ತಿದೆ ಎಂದುಕೊಂಡು, ಅಲೆ ತೆಗೆದುಕೊಂಡು ಹೋಗುವ ಮಾತನ್ನು ಇನ್ನೆರಡು ಸಲ ಹೇಳಿದಳು. ದಮಯಂತಿ ಹೋದ ಮೇಲೆ ಫೈಲಿನಲ್ಲಿ ‘ಉತ್ತಮ ಸ್ಪಂದನೆ’ ಎಂದೂ ಬರೆದಿಟ್ಟಳು.

ಒಂಬತ್ತನೆಯ ದಿನ ಬೆಳಿಗ್ಗೆ ಯಶ್ಮಿತಾ ಒಬ್ಬಳೇ ಬಂದಳು.

“ಅಮ್ಮ ಮೀನು ತರ್ಲಿಕ್ಕೆ ದೋಣಿ ನಿಲ್ಲುವ ಧಕ್ಕೆಗೆ ಹೋಗುವುದೇ ಇಲ್ಲ ಮೇಡಂ. ಎಂಟು ದಿನ ಆಯ್ತು. ರಿಕ್ಷಾ ಬಂದರಿನ ರಸ್ತೆಗೆ ತಿರುಗುವಾಗಲೇ ಕೈಕಾಲು ನಡುಗ್ತದೆ, ವಾಪಸ್ ಬರ್ತಾರೆ. ಮೊದಲು ಎರಡು ಗಂಟೆಯಾದ್ರೂ ಮಲಗ್ತಿದ್ರು, ಈಗ ಅದೂ ಇಲ್ಲ.”

“ಶುರುವಿಗೆ ಹಾಗೆ ಆಗ್ತದೆ. ಒಳಗಿದ್ದದ್ದು ಹೊರಗೆ ಬರುವುದಲ್ವಾ,” ಎಂದಳು ಕ್ಯಾರಲ್.

“ಅಪ್ಪನ ದೋಣಿ ಮಗುಚಿ ಒಂಬತ್ತು ವರ್ಷ ಆಯ್ತು. ದೇಹ ಸಹ ಸಿಗಲಿಲ್ಲ. ಆಮೇಲೆ ಅಮ್ಮ ಕಡಲ ಬದಿಯ ಮನೆ ಬಿಟ್ಟು ಕಾವೂರಿಗೆ ಬಂದದ್ದು. ಧಕ್ಕೆಯಲ್ಲಿ ಸಹ ನೀರಿಗೆ ಬೆನ್ನು ಹಾಕಿ ನಿಂತೇ ಮೀನು ತೆಗೆದುಕೊಳ್ಳುವುದು.” ಯಶ್ಮಿತಾ ಸ್ವರ ತಗ್ಗಿಸಿದಳು. “ಅಮ್ಮ ಇದನ್ನೆಲ್ಲ ನಿಮಗೆ ಹೇಳಲಿಲ್ವಾ?”

ಕ್ಯಾರಲ್‌ಳ ಕಣ್ಣೆದುರು ತಾನೇ ಹಾಕಿದ ಗುರುತುಗಳು ಬಂದವು. ಆದರೆ ಆ ಪ್ರಶ್ನೆಯಲ್ಲೇ ಪಾರಾಗುವ ದಾರಿಯೂ ಇತ್ತು.

“ಹೇಳಲಿಲ್ಲ,” ಎಂದಳು. ಫಾರಂ ತೆಗೆದು ಯಶ್ಮಿತಾಳ ಕಡೆಗೆ ತಿರುಗಿಸಿದಳು. “ನೋಡಿ, ‘ಇಲ್ಲ’ ಅಂತಲೇ ಉಂಟು.”

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಇಂಥ ನಿಜಕ್ಕಿಂತ ಸುಳ್ಳೇ ವಾಸಿ.

“ಈ ಅಮ್ಮನಿಗೆ ಎಷ್ಟು ಹೇಳಿದ್ರೂ ಅಷ್ಟೇ. ಸಾರಿ ಮೇಡಂ, ನಿಮ್ಮದೆಂತ ತಪ್ಪಿಲ್ಲ,” ಎಂದು ಯಶ್ಮಿತಾ ಎದ್ದು ಹೋದಳು.

ಆ ‘ಸಾರಿ’ ಕ್ಯಾರಲ್‌ಳ ಕಿವಿಯಲ್ಲೇ ಉಳಿಯಿತು. ಮಧ್ಯಾಹ್ನ ಬಿಚ್ಚಿದ ಊಟದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟಳು. ಕುವೈತಿನಲ್ಲಿ ಸೂಜಿ ಚುಚ್ಚುವ ಮುಂಚೆ, ಯಾವ ಔಷಧಿಯಾದರೂ ಮೈಗೆ ಆಗುವುದಿಲ್ಲವೇ ಎಂದು ಒಬ್ಬೊಬ್ಬರನ್ನೂ ಎರಡೆರಡು ಸಲ ಕೇಳುತ್ತಿದ್ದವಳು ಅವಳು. ಅಲ್ಲಿ ಮೇಲಿನವರು ನೋಡುತ್ತಿದ್ದರು. ಇಲ್ಲಿ ಯಾರೂ ನೋಡುವುದಿಲ್ಲ. ಹಾಗಾದರೆ ಹನ್ನೊಂದು ವರ್ಷ ತಾನು ಕೇಳಿದ್ದು ರೋಗಿಗಾಗಿ ಅಲ್ಲವೇ? ಅವಳಿಗೆ ತನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಈ ಹೊತ್ತಿಗೆ ಕಾವೂರಿನಲ್ಲಿ ಒಬ್ಬ ತಾಯಿ, ಯಾರೂ ಕೇಳದೆ ಇದ್ದ ಮಾತನ್ನು ಹೇಳಲಿಲ್ಲವೆಂದು ಮಗಳಿಂದ ಬೈಸಿಕೊಳ್ಳುತ್ತಿದ್ದಾಳೆ. ಸಂಜೆಯವರಿಗೆಲ್ಲ ಇವತ್ತು ಬರಬೇಡಿ ಎಂದು ಫೋನು ಮಾಡಿ, ಫಾರಂ ಚೀಲಕ್ಕೆ ಹಾಕಿ, ಅವಳು ಸ್ಕೂಟರ್ ಹತ್ತಿದಳು.

ಕಾವೂರು ಕೆರೆಯ ಹಿಂದಿನ ಓಣಿಯಲ್ಲಿ ಮನೆ. ಜಗಲಿಯಲ್ಲಿ ತೊಂಡೆಕಾಯಿ ಹೆಚ್ಚುತ್ತಿದ್ದ ದಮಯಂತಿ ಅವಳನ್ನು ಕಂಡವಳೇ ಎದ್ದು ನಿಂತಳು.

“ತಪ್ಪಾಯ್ತು ಮೇಡಂ. ನಾನು ಮೊದಲೇ ಹೇಳ್ಬೇಕಿತ್ತು.”

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಕ್ಯಾರಲ್ ಫಾರಂ ತೆಗೆದಳು. ಯಶ್ಮಿತಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಲ್ಲುವವರೆಗೆ ಕಾದಳು.

“ತಪ್ಪು ನಿಮ್ಮದಲ್ಲ. ನಾನು ಕೇಳಲೇ ಇಲ್ಲ. ಈ ಗುರುತು ಎಲ್ಲ ನಾನೇ ಹಾಕಿದ್ದು. ಬೆಳಿಗ್ಗೆ ಇವರ ಹತ್ರ ಹೇಳಿದ್ದು ನನ್ನನ್ನು ಉಳಿಸಿಕೊಳ್ಳಲಿಕ್ಕೆ.”

“ಬೆಳಿಗ್ಗೆ ನಿಮಗೆ ಬಾಯಿ ಇರಲಿಲ್ವಾ?” ಎಂದಳು ಯಶ್ಮಿತಾ. “ಅಮ್ಮನಿಗೆ ನಾನು ಎಷ್ಟು ಬೈದೆ ಗೊತ್ತುಂಟಾ?”

“ಗೊತ್ತುಂಟು. ಅದಕ್ಕೇ ಬಂದದ್ದು,” ಎಂದಳು ಕ್ಯಾರಲ್.

ದಮಯಂತಿ ಮೆಲ್ಲನೆ ಹೇಳಿದಳು. “ಅಲೆ ತೆಗೆದುಕೊಂಡು ಹೋಗ್ತದೆ ಅಂತ ನೀವು ಹೇಳುವಾಗ ನನಗೆ ಇವಳ ಅಪ್ಪನ ನೀಲಿ ಅಂಗಿ ಕಂಡಿತು. ನೀವು ಮತ್ತೆ ಮತ್ತೆ ಹೇಳಿದ್ರಿ. ಸಾಕು ಅನ್ಬೇಕು ಅಂತ ಇತ್ತು. ಕಲಿತವರು ನೀವು, ನಿಮಗೆ ಹೇಗೆ ಹೇಳುವುದು.”

“ಹೇಳುವುದು ಬೇಕಿರಲಿಲ್ಲ. ನಿಮ್ಮ ಕೈ ನೋಡಿ ನಾನೇ ನಿಲ್ಲಿಸ್ಬೇಕಿತ್ತು. ನೋಡಿದ್ದೆ. ನಿಲ್ಲಿಸಲಿಲ್ಲ.” ಕ್ಯಾರಲ್ ಯಶ್ಮಿತಾಳ ಕಡೆಗೂ ತಿರುಗಿದಳು. “ಇದು ಇನ್ನು ನನ್ನ ಕೈಯಲ್ಲಿ ಸರಿ ಆಗುವುದಲ್ಲ. ಮನಸ್ಸಿನ ಡಾಕ್ಟರ್ ಒಬ್ಬರಿದ್ದಾರೆ, ಫರ್ಝಾನಾ ಅಂತ. ನಾಳೆಗೆ ಸಮಯ ತೆಗೆದುಕೊಂಡಿದ್ದೇನೆ. ನೀವು ಒಪ್ಪಿದ್ರೆ ನಾನೂ ಬರ್ತೇನೆ. ನಾನು ಎಂತ ಮಾಡಿದೆ ಅಂತ ಅವರ ಮುಂದೆ ನಾನೇ ಹೇಳ್ತೇನೆ.”

“ನೀವು ಬರುವುದು ಬೇಡ,” ಎಂದಳು ಯಶ್ಮಿತಾ.

“ಬರ್ಲಿ ಮಗಾ,” ಎಂದಳು ದಮಯಂತಿ.

ಕ್ಯಾರಲ್ ಜಗಲಿಯ ಮೆಟ್ಟಿಲ ಮೇಲೆ ಕುಳಿತಳು. ಪೆನ್ನು ತೆಗೆದು, ಫಾರಂನಲ್ಲಿದ್ದ ತನ್ನ ಗುರುತುಗಳನ್ನು ಒಂದೊಂದಾಗಿ ಹೊಡೆದುಹಾಕಿದಳು.

“ಡಾಕ್ಟರಿಗೆ ಇದನ್ನು ಸರಿಯಾಗಿ ಬರೆದು ಕೊಡ್ಬೇಕು. ನಿಮಗೆ ಹೇಳ್ಬೇಕು ಅನ್ನಿಸಿದ್ರೆ ಮಾತ್ರ ಹೇಳಿ. ಸಾಕು ಅಂದ ಕೂಡಲೇ ನಿಲ್ಲಿಸ್ತೇನೆ.” ಮೊದಲ ಪ್ರಶ್ನೆಗೆ ಬಂದು ಕೇಳಿದಳು, “ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದದ್ದುಂಟಾ ದಮಯಂತಿಯಕ್ಕ?”

ದಮಯಂತಿ ತೊಂಡೆಕಾಯಿಯ ತಟ್ಟೆಯನ್ನು ಬದಿಗೆ ಸರಿಸಿದಳು. ಬಂದು ಅವಳ ಪಕ್ಕದಲ್ಲಿ ಕುಳಿತಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲದವಳು ಅವಳು. ಅವನಿದ್ದಾಗಲೂ ಇಲ್ಲ, ಆಮೇಲೂ ಇಲ್ಲ.

“ಲೀಲಾಧರ ಅಂತ ಅವರ ಹೆಸರು,” ಎಂದು ಶುರುಮಾಡಿದಳು.

ಕ್ಯಾರಲ್ ಪೆನ್ನನ್ನು ಕೆಳಗಿಟ್ಟು ಕೇಳುತ್ತಾ ಕುಳಿತಳು.