ಭಾವನ ಕುರ್ಚಿ

ಭಾವ ತೀರಿಕೊಂಡ ಮೇಲೆ ಔಷಧಿ ಅಂಗಡಿಯ ಮಹಡಿಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ನಡೆಯುತ್ತಿದ್ದ ಪೋಕರ್ ಇಸ್ಪೀಟಾಟಕ್ಕೆ ಒಂದು ಕೈ ಕಮ್ಮಿಯಾಯಿತು. ಗೆಳೆಯರು ಆ ಕುರ್ಚಿಯಲ್ಲಿ ಕೂರಿಸಿದ್ದು ಭಾವನ ಹೆಂಡತಿಯ ತಮ್ಮನನ್ನು, ಬೀದಿಯ ತಿರುವಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವನನ್ನು.

ಅವನಿಗೆ ಆಟ ಬರುತ್ತಿರಲಿಲ್ಲ. ಆದರೆ ಆ ಮೇಜು ಅವನಿಗೆ ಹೊಸದಲ್ಲ. ಲಕ್ವ ಹೊಡೆದು ಭಾವನ ಕೈಯಲ್ಲಿ ಎಲೆ ನಿಲ್ಲದಂತಾದಾಗಿನಿಂದ ಅವರನ್ನು ಮಹಡಿ ಹತ್ತಿಸಿ, ಪಕ್ಕ ಕೂತು ಎಲೆ ಹಿಡಿಯುತ್ತಿದ್ದವನು ಅವನೇ. ಮೊದಲು ಎರಡು ಎಲೆ ಬರುತ್ತವೆ. ಇಟ್ಟುಕೊಂಡು ಆಡಬೇಕೋ, ಎಸೆದು ಸುಮ್ಮನಿರಬೇಕೋ ಅನ್ನುವುದೇ ತಲೆನೋವು. ಭಾವನ ತೊದಲು ಮಾತು ಅಕ್ಕನೊಬ್ಬಳಿಗೇ ಅರ್ಥವಾಗುತ್ತಿತ್ತು. ಹಾಗಾಗಿ ಮೇಜಿನಡಿ ಭಾವನ ಮೊಣಕಾಲು ಇವನ ಮೊಣಕಾಲನ್ನು ಒತ್ತಿದರೆ ಆಡುವುದು, ಇಲ್ಲದಿದ್ದರೆ ಎಸೆಯುವುದು ಎಂದು ತಾನಾಗಿಯೇ ರೂಢಿಯಾಗಿತ್ತು. ಬಿದ್ದುಹೋದ ಕಾಲಿಗೆ ಇಷ್ಟಾದರೂ ಜೀವ ಬಂತಲ್ಲ ಎಂದು ಅವನು ಒಳಗೊಳಗೇ ಖುಷಿಪಟ್ಟಿದ್ದ.

ಈಗ ಆ ಕುರ್ಚಿಯಲ್ಲಿ ತಾನೇ ಕೂತು, ಮೊದಲ ಎರಡು ಎಲೆಗಳನ್ನು ಎತ್ತಿ ನೋಡಿ, ಏನು ಮಾಡಬೇಕೆಂದು ತೋಚದೆ ಪೆದ್ದುಪೆದ್ದಾಗಿ ಕಾದ. ಮೊಣಕಾಲನ್ನು ಏನೋ ಮೆಲ್ಲಗೆ ಒತ್ತಿತು.

ಅವನು ಬಗ್ಗಿ ನೋಡಲಿಲ್ಲ. ಆಡಿದ.

ಅಂದಿನಿಂದ ಅದೇ ನಡೆಯಿತು. ಪಣಕ್ಕಿದ್ದದ್ದು ಬರೀ ಬೆಂಕಿಕಡ್ಡಿ. ಗೆಲ್ಲುವುದು, ಸೋಲುವುದು ಎರಡೂ ಇತ್ತು. ಆದರೆ ಅವನು ಆರಿಸಿಕೊಳ್ಳುತ್ತಿದ್ದ ರೀತಿ ಔಷಧಿ ಅಂಗಡಿಯವರ ತಲೆ ಕೆಡಿಸಿತು. ಎಷ್ಟೋ ಜನಕ್ಕೆ ಆಟ ಕಲಿಸಿದ್ದ ಮನುಷ್ಯ ಅವರು. ಹೊಸಬರಾದರೆ ರಾಜನೋ ರಾಣಿಯೋ ಕಂಡರೆ ಸಾಕು, ಜೊತೆಗಿರುವ ಎಲೆ ಎಂಥದೇ ಇರಲಿ, ಬಿಡುವುದಿಲ್ಲ ಎನ್ನುತ್ತಿದ್ದರು. ಎಸೆದು ಎಸೆದು ಬೇಜಾರಾದಾಗ ಕೈಗೆ ಬಂದದ್ದನ್ನೇ ಆಡಿಬಿಡುತ್ತಾರೆ. ಇವನು ಹಾಗಲ್ಲ. ರಾಣಿಯನ್ನು ಎಸೆದು, ಒಂಬತ್ತು-ಎರಡರಂಥ ಕಳಪೆ ಎಲೆ ಹಿಡಿದು ಕೂರುತ್ತಿದ್ದ.

ಒಂದು ಭಾನುವಾರ ಅವನಿಗೆ ಎರಡು ಎಕ್ಕ ಬಂದವು. ಅದಕ್ಕಿಂತ ಒಳ್ಳೆಯ ಕೈ ಇಲ್ಲವೆಂಬುದು ಅವನಿಗೂ ಗೊತ್ತಿತ್ತು. ಕಾದ. ಮೊಣಕಾಲಿನ ಹತ್ತಿರ ತಣ್ಣಗೆ, ಖಾಲಿ. ಉಳಿದವರು ಕೆಮ್ಮಿದರು, ಕುರ್ಚಿ ಸರಿಸಿದರು. ಅವನು ಎರಡನ್ನೂ ಮೇಜಿನ ಮೇಲೆ ಬಿಟ್ಟ.

ಆಟ ಮುಗಿದ ಮೇಲೆ ಔಷಧಿ ಅಂಗಡಿಯವರು ಅವನು ಬಿಟ್ಟ ಎಲೆಗಳನ್ನು ಮಗುಚಿ ನೋಡಿದರು.

"ಎಕ್ಕದ ಜೋಡಿ ಎಸೆಯೋ ಹೊಸಬನ್ನ ನಾನು ನೋಡಿಲ್ಲ ಕಣಯ್ಯ," ಎಂದರು. "ನಿಜ ಹೇಳು, ಹೇಗೆ ಆರಿಸ್ತೀಯ?"

"ಭಾವ ಒತ್ತುತ್ತಾರೆ," ಎಂದ ಅವನು.

ಯಾರೂ ನಗಲಿಲ್ಲ. ಎದುರಿಗಿದ್ದ ಲಾರಿ ಮೆಕ್ಯಾನಿಕ್, ಆನೆಯಂಥ ಆಳು, ಎರಡೂ ಕಾಲನ್ನು ಸದ್ದಿಲ್ಲದೆ ತನ್ನ ಕುರ್ಚಿಯ ಕೆಳಗೆ ಎಳೆದುಕೊಂಡ.

ಮಹಡಿಯಿಂದ ಇಳಿದವನು ನೇರ ಅಕ್ಕನ ಮನೆಗೆ ಹೋದ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ಎಲ್ಲವನ್ನೂ ಹೇಳಿದ.  ಅಕ್ಕ ಕೈಯಲ್ಲಿದ್ದ ದಿಂಬಿನ ಚೀಲವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ನೀನು ಅವರ ಯಾವ ಪಕ್ಕ ಕೂರ್ತಿದ್ದೆ?"

"ಬಲಕ್ಕೆ."

"ಆ ಕಾಲಿಗೆ ಕೊನೇವರೆಗೂ ಜೀವ ಬರಲಿಲ್ಲ ಕಣೋ. ಸ್ನಾನ ಮಾಡಿಸ್ತಿದ್ದವಳು ನಾನು. ಬಿಸಿನೀರು ಬಿದ್ದರೂ ಗೊತ್ತಾಗ್ತಿರಲಿಲ್ಲ."

 ಹಾಗಾದರೆ ಭಾವ ಬದುಕಿದ್ದಾಗ ಒತ್ತುತ್ತಿದ್ದದ್ದು ಯಾರು ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಅಕ್ಕ ಇನ್ನೊಂದು ಮಾತು ಹೇಳಿದಳು. ಭಾನುವಾರ ಮನೆಗೆ ಬಂದಾಗೆಲ್ಲ ಭಾವನಿಗೆ ಒಂದೇ ಹಿಗ್ಗಂತೆ: "ಎಲೆ ಆರಿಸೋದೆಲ್ಲ ನಿನ್ನ ತಮ್ಮನೇ, ನಾನು ಸುಮ್ಮನೆ ಕೂತಿರ್ತೀನಿ. ಹುಡುಗನಿಗೆ ಅದೇನೋ ಒಲಿದಿದೆ."

ಅಷ್ಟು ದಿನ ಇಬ್ಬರೂ ಒಬ್ಬರನ್ನೊಬ್ಬರು ನಂಬಿಕೊಂಡು ಕೂತಿದ್ದರು. ಆಡಿದ್ದು ಮಾತ್ರ ಇಬ್ಬರೂ ಅಲ್ಲ.  ಇನ್ನು ಆ ಮಹಡಿ ಹತ್ತುವುದಿಲ್ಲ ಎಂದ ಅವನು.

"ನೀನು ಬೇಡ," ಎಂದಳು ಅಕ್ಕ. "ನನ್ನ ಕರ್ಕೊಂಡು ಹೋಗು. ಈಗ ಒತ್ತೋದು ಅವರೇ ಆದ್ರೆ ನನಗೆ ಗೊತ್ತಾಗುತ್ತೆ."

ಮುಂದಿನ ಭಾನುವಾರ, ಜೀವಮಾನದಲ್ಲಿ ಇಸ್ಪೀಟು ಮುಟ್ಟದ ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಆ ಕುರ್ಚಿಯಲ್ಲಿ ಕೂತಳು. ತಮ್ಮ ಬಾಗಿಲ ಬಳಿಯೇ ನಿಂತ. ಔಷಧಿ ಅಂಗಡಿಯವರು ಆಟದ ಕ್ರಮ ವಿವರಿಸಲು ಹೊರಟರು, ಅವಳು ಬೇಡವೆಂದಳು. ಎಲೆ ಹಂಚಿದರು. ತನ್ನೆರಡನ್ನು ಅವಳು ಎತ್ತಿಯೂ ನೋಡಲಿಲ್ಲ, ಅವುಗಳ ಮೇಲೆ ಅಂಗೈ ಇಟ್ಟುಕೊಂಡಳು. ಸೆರಗು ಸರಿಮಾಡಿಕೊಂಡು, ಕಾಲು ಸ್ವಲ್ಪ ಮುಂದೆ ಚಾಚಿ ಕಾದಳು.

ಅವಳ ಸರದಿ ಬಂತು.  ಕೆಳಗೆ ಅಂಗಡಿಯ ಫೋನು ಬಡಿದುಕೊಂಡು ನಿಂತಿತು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಔಷಧಿ ಅಂಗಡಿಯವರು ತಮ್ಮ ಎಲೆಗಳನ್ನು ಮೆಲ್ಲಗೆ ಕೆಳಗಿಟ್ಟರು, ಉಳಿದವರೂ ಇಟ್ಟರು. ಬಿಸಿಲು ಮೇಜಿನಿಂದ ಗೋಡೆಗೆ ಏರುವವರೆಗೂ ಅವಳು ಆ ಒತ್ತಿಗೆ ಕಾಯುತ್ತಾ ಹಾಗೇ ಕೂತಿದ್ದಳು. ಅವಳನ್ನು ಏಳಿಸುವ ಧೈರ್ಯ ಯಾರಿಗೂ ಬರಲಿಲ್ಲ.